ಮನೆಯ ಮರಮುಟ್ಟು



ಮನೆಯನ್ನು ಕಟ್ಟುವ ವಿಚಾರದಲ್ಲಿ ನಮ್ಮಲ್ಲಿ ಶಾಸ್ತ್ರವುಂಟು. ಆಯವನ್ನು ನೋಡುವುದುಂಟು, ಬಾಗಿಲು ಯಾವ ದಿಕ್ಕಿಗಿರಬೇಕು, ಒಲೆ ಯಾವ ಮೂಲೆಯಲ್ಲಿರಬೇಕು ಎಂದು ಹೇಳಬಲ್ಲವರು ಬೀದಿಗೊಬ್ಬರಾದರೂ ದೊರೆಯುತ್ತಾರೆ. ಆದರೆ ಕಟ್ಟಿ ಮುಗಿದ ಮನೆಯೊಳಗೆ ಕುರ್ಚಿಯನ್ನು ಎಲ್ಲಿ ಹಾಕಬೇಕು, ಮಂಚವನ್ನು ಯಾವ ಗೋಡೆಗೆ ಸೇರಿಸಬೇಕು, ಮನೆಯ ಹಿರಿಯಳು ಎಲ್ಲಿ ಕುಳಿತುಕೊಳ್ಳಬೇಕು ಎಂದು ಕೇಳಿದರೆ ಹೇಳತಕ್ಕವರು ಕಡಮೆ. ಗೃಹಪ್ರವೇಶದ ಮರುದಿನ ಗಾಡಿಯಲ್ಲಿ ಸಾಮಾನು ಬಂದಿಳಿಯುತ್ತದೆ. ಕೂಲಿಯಾಳು ತಲೆಯ ಮೇಲೆ ಮೇಜನ್ನು ಹೊತ್ತುಕೊಂಡು "ಇದನ್ನೆಲ್ಲಿ ಇಡಲಿ, ಸ್ವಾಮಿ?" ಎನ್ನುತ್ತಾನೆ. ನಾವು ಗಾಬರಿಯಿಂದ "ಸದ್ಯಕ್ಕೆ ಅಲ್ಲಿಡಪ್ಪ" ಎನ್ನುತ್ತೇವೆ. ಆ 'ಸದ್ಯಕ್ಕೆ' ಎಂಬುದು ಅನೇಕ ಮನೆಗಳಲ್ಲಿ ಇಪ್ಪತ್ತು ವರ್ಷ ನಡೆದುಹೋಗುತ್ತದೆ.

ಈ ವಿಷಯದಲ್ಲಿ ಮಾತನಾಡುವುದಕ್ಕೆ ನನಗಿರುವ ಅಧಿಕಾರ ಬಲು ಸ್ವಲ್ಪ. ನಾನು ಬಡಗಿಯಲ್ಲ, ಶಿಲ್ಪಿಯಲ್ಲ. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು. ನನಗೆ ತಿಳಿದಿರುವಷ್ಟನ್ನು ನನ್ನ ಮನೆಯಲ್ಲಿಯೇ ನಾನು ಮಾಡಿದ ಒಂದು ತಪ್ಪು ಕಲಿಸಿತು. ಆ ತಪ್ಪಿನ ಕಥೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಈ ಕುರ್ಚಿ ಮೇಜುಗಳು ನಮ್ಮ ಮನೆಗಳಿಗೆ ಹೇಗೆ ಬಂದವೆಂಬುದನ್ನು ಕೊಂಚ ನೋಡೋಣ. ಏಕೆಂದರೆ, ಬಂದ ಬಗೆಯಲ್ಲಿಯೇ ತಪ್ಪಿನ ಮೂಲವಿದೆಯೆಂದು ನನ್ನ ನಂಬಿಕೆ.

ಮಾತುಗಳನ್ನೇ ವಿಚಾರಿಸಿದರೆ ಕಥೆ ತಕ್ಕಮಟ್ಟಿಗೆ ಹೊರಬೀಳುತ್ತದೆ. ಮಣೆ, ಚಾಪೆ, ಹಾಸಿಗೆ, ಒರಳು, ಇವು ನಮ್ಮ ನುಡಿಗಳು. ನೆಲದ ಮೇಲೆ, ನೆಲಕ್ಕೆ ಅಂಟಿಕೊಂಡು ಇರತಕ್ಕ ವಸ್ತುಗಳು. ಮಂಚ, ಪೀಠ ಎಂಬವನ್ನು ಸಂಸ್ಕೃತದಿಂದ ಪಡೆದೆವು. ಇನ್ನು ಕುರ್ಚಿ ಅರಬ್ಬಿಯಿಂದ ಹೊರಟು ಪಾರಸಿಯ ದಾರಿಯಾಗಿ ಬಂದದ್ದು. ಜಮಖಾನವೂ ಪಾರಸಿಯ ಕಡೆಯದೇ. ಅಲಮಾರು ಪೋರ್ಚುಗೀಸರದು. ಅಡುಗೆಯ ಮನೆಯಿಂದ ಮಲಗುವ ಕೋಣೆಯವರೆಗೆ ಎಲ್ಲೆಲ್ಲಿಯೂ ನಿಂತಿರುವ 'ಬೀರು' ಎಂಬುದು ಫ್ರೆಂಚರ 'ಬ್ಯೂರೋ', ಇಂಗ್ಲಿಷರ ಬಾಯಿಂದ ನಮ್ಮ ಕಿವಿಗೆ ಬಿದ್ದು ಹೀಗಾಗಿದೆ. ಬೆಂಚು, ಸ್ಟೂಲುಗಳ ವಂಶವನ್ನು ಹೇಳಬೇಕಾಗಿಲ್ಲ. ಸಾಮಾನಿಗೆ ಕಾಲು ಮೂಡಿದಂತೆಲ್ಲ ಅದರ ಹೆಸರು ದೂರದೇಶದ್ದಾಗುತ್ತ ಹೋಗುವುದನ್ನು ತಾವು ಗಮನಿಸಬಹುದು.

ಹಾಗೆಂದು ನಮ್ಮವರಿಗೆ ಆಸನಗಳ ಸುಖ ತಿಳಿದಿರಲಿಲ್ಲವೆಂದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನಷ್ಟೆ. ಅರಸನಾದವನು ಅನುಭವಿಸತಕ್ಕ ಇಪ್ಪತ್ತು ಬಗೆಯ ಉಪಭೋಗಗಳನ್ನು ಅಲ್ಲಿ ಎಣಿಸುವಾಗ ಅನ್ನ, ಪಾನೀಯ, ತಾಂಬೂಲಗಳ ಸಾಲಿನಲ್ಲಿಯೇ ಆಸನಕ್ಕೆ ಒಂದು, ಶಯ್ಯೆಗೆ ಒಂದು ಪ್ರತ್ಯೇಕ ಸ್ಥಾನವನ್ನು ಕೊಟ್ಟಿದ್ದಾನೆ. ಊಟದ ಸುಖ ಬೇರೆ, ಕುಳಿತುಕೊಳ್ಳುವ ಸುಖ ಬೇರೆ ಎಂದು ಒಪ್ಪಿದ ರಸಿಕ ಆತ. ಆದರೆ ಅದು ಅರಮನೆಯ ಮಾತು. ಪ್ರಜೆಗಳ ಮನೆಯಲ್ಲಿ ನೆಲವೇ ಆಸನ, ನೆಲವೇ ಶಯ್ಯೆ.

ಆ ನೆಲದ ಮನೆಯನ್ನು ನಾನು ಚಿಕ್ಕಂದಿನಲ್ಲಿ ಕಂಡವನು. ಹಾಸನದ ಕಡೆಯ ಹಳ್ಳಿ ನಮ್ಮದು. ತೊಟ್ಟಿಯ ಮನೆ. ಬೆಳಗ್ಗೆ ಹಾಸಿಗೆಗಳನ್ನು ಸುತ್ತಿ ಒಂದು ಮೂಲೆಗೆ ಒಟ್ಟಿದರೆ ಮಲಗುವ ಮನೆ ನಡುಮನೆಯಾಯಿತು. ಮಣೆ ಹಾಕಿ ಎಲೆಯಿಟ್ಟರೆ ಅದೇ ಊಟದ ಮನೆ. ಸಂಜೆ ಜಮಖಾನ ಹಾಸಿದರೆ ಅದೇ ಸಭಾಮಂಟಪ. ಮರದ ಸಾಮಾನೆಂದರೆ ಒಂದು ತೂಗುಮಣೆ, ನಾಲ್ಕಾರು ಪೆಟ್ಟಿಗೆ, ಜಗಲಿಯ ಮೇಲೆ ಹಲಸಿನ ಹಲಗೆಯ ಒಂದು ಬೆಂಚು. ಆದರೂ ಆ ಮನೆಯಲ್ಲಿ ಯಾರ ಜಾಗ ಯಾವುದೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಈ ಕಂಬ ಅಜ್ಜನದು, ಆ ಕಿಟಕಿಯ ಮಗ್ಗುಲು ಅತ್ತೆಯದು, ಒರಳಿನ ಪಕ್ಕದ ಗೋಡೆ ನಮ್ಮ ತಾಯಿಯದು. ಮಧ್ಯಾಹ್ನ ಕೆಲಸ ಮುಗಿದಮೇಲೆ ಆಕೆ ಅಲ್ಲಿ ಬೆನ್ನುಕೊಟ್ಟು ಕುಳಿತು, ಎಲೆಅಡಿಕೆಯ ಪೆಟ್ಟಿಗೆಯನ್ನು ಮಗ್ಗುಲಿಗೆಳೆದುಕೊಂಡರೆ, ಎಣ್ಣೆತಲೆ ತಾಗಿ ತಾಗಿ ಕಪ್ಪಾಗಿದ್ದ ಸುಣ್ಣದ ಗೋಡೆಯೇ ಆ ಜಾಗದ ಹಕ್ಕುಪತ್ರ. ಹೊರಗಿನಿಂದ ಯಾರಾದರೂ ಬಂದರೆ, ಬಂದವರಿಗೆ ಚಾಪೆ ಹಾಸಿಕೊಡುತ್ತಿದ್ದರೇ ಹೊರತು ಮನೆಯವರು ತಮ್ಮ ಜಾಗ ಬಿಟ್ಟು ಏಳುತ್ತಿರಲಿಲ್ಲ.

ಕುರ್ಚಿ ನಮಗೆ ಮನೆಯ ವಸ್ತುವಾಗಿ ಬರಲಿಲ್ಲ. ಅದು ಕಚೇರಿಯ ವಸ್ತುವಾಗಿ ಬಂತು. ಅಮಲ್ದಾರರ ಕಚೇರಿಯಲ್ಲಿ, ನ್ಯಾಯಸ್ಥಾನದಲ್ಲಿ, ದಂಡಿನ ಬಂಗಲೆಗಳಲ್ಲಿ ಅದನ್ನು ಮೊದಲು ಕಂಡೆವು. ಅಲ್ಲಿ ಕುರ್ಚಿಯ ಮೇಲೆ ಕುಳಿತವನು ಅಧಿಕಾರಿ, ನಿಂತವನು ಅರ್ಜಿದಾರ. ವಕೀಲರ ಮನೆಗೆ, ಉಪಾಧ್ಯಾಯರ ಮನೆಗೆ ಅದು ಕಾಲಿಟ್ಟಾಗಲೂ ಹೊರಗಿನವರಿಗೆ ಮರ್ಯಾದೆ ತೋರಿಸುವ ಸಾಧನವಾಗಿಯೇ ಕಾಲಿಟ್ಟಿತು. ಆದಕಾರಣವೇ ಇಂದಿಗೂ ನಮ್ಮ ಹಜಾರಗಳಲ್ಲಿ ಕುರ್ಚಿಗಳು ಗೋಡೆಗೆ ಬೆನ್ನುಕೊಟ್ಟು ಸಾಲಾಗಿ, ರೈಲ್ವೆ ನಿಲ್ದಾಣದಲ್ಲಿ ಕಾಯುವವರ ಕೋಣೆಯಲ್ಲಿರುವಂತೆ ನಿಂತಿರುತ್ತವೆ. ಬರಲಿರುವ ಯಾರನ್ನೋ ಕಾಯುತ್ತಿರುತ್ತವೆ. ತಿಂಗಳಿಗೆ ಎರಡು ಸಲ ಬರತಕ್ಕ ಅತಿಥಿಗಾಗಿ ಮನೆಯ ಅತ್ಯುತ್ತಮವಾದ ಕೋಣೆಯನ್ನೂ, ಅತ್ಯುತ್ತಮವಾದ ಬೆಳಕನ್ನೂ, ಅತಿ ಹೆಚ್ಚಿನ ಹಣವನ್ನೂ ಮೀಸಲಿಟ್ಟು, ಮೂವತ್ತು ದಿನವೂ ಮನೆಯಲ್ಲಿರುವವರು ಮಂಚದ ಅಂಚಿನಲ್ಲಿ ಕುಳಿತು ಕಾಫಿ ಕುಡಿಯುತ್ತೇವೆ. ನಾನು ಅತಿಥಿಗಳ ವೈರಿಯಲ್ಲ. ಆದರೆ ಅತಿಥಿಗೆ ಬೇಕಾದದ್ದು ಒಂದು ಮನೆ. ಕಾಯುವವರ ಕೋಣೆಯಲ್ಲಿ ಕುಳಿತು ಸಾಕಾಗಿಯೇ ಅವನು ನಮ್ಮಲ್ಲಿಗೆ ಬಂದಿರುತ್ತಾನೆ.

ಈಗ ನನ್ನ ತಪ್ಪಿನ ಕಥೆ.

1993ರಲ್ಲಿ ನಮ್ಮ ತಂದೆ ತೀರಿಕೊಂಡರು. ಹಳ್ಳಿಯ ಮನೆಯನ್ನು ಮಾರಿದೆವು. ಸಾಮಾನುಗಳನ್ನು ಅಣ್ಣತಮ್ಮಂದಿರು ಹಂಚಿಕೊಂಡೆವು. ಅಲ್ಲಿದ್ದವುಗಳಲ್ಲೆಲ್ಲ ಕಣ್ಣಿಗೆ ಚೆಲುವಾದದ್ದು ಬೀಟೆಮರದ ಒಂದು ಗಾಜುಬಾಗಿಲಿನ ಬೀರು. ತಂದೆಯವರು ಯಾವುದೋ ಹರಾಜಿನಲ್ಲಿ ಕೊಂಡದ್ದು. ಅದನ್ನು ನಾನು ಬೇಡಿ ತೆಗೆದುಕೊಂಡೆ. ತೂಗುಮಣೆ ಒಬ್ಬ ತಮ್ಮನ ಪಾಲಿಗೆ ಹೋಯಿತು. ಹಲಸಿನ ಬೆಂಚನ್ನು ಯಾರೂ ಕೇಳಲಿಲ್ಲ. ತಾಯಿಯನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆ. ಮೂರನೆಯ ಅಂತಸ್ತಿನ ಮನೆ. ಆಕೆ ಬರುವಳೆಂದೇ ಸಾಲಮಾಡಿ ಒಂದು ಸೋಫಾ ಸೆಟ್ಟನ್ನು ಕೊಂಡಿದ್ದೆ. ದಪ್ಪ ಮೆತ್ತೆ, ಅಗಲವಾದ ತೋಳು, ನಮ್ಮ ಬೀದಿಯಲ್ಲಿಯೇ ಅಂಥದು ಇರಲಿಲ್ಲ. ಬೀಟೆಯ ಬೀರುವನ್ನು ಬಂದವರ ಕಣ್ಣಿಗೆ ಎದುರಾಗಿ ಬೀಳುವಂತೆ ಪೂರ್ವದ ಗೋಡೆಗೆ ನಿಲ್ಲಿಸಿದ್ದೆ. ಅದರಿಂದ ಅರ್ಧ ಕಿಟಕಿ ಮುಚ್ಚಿಹೋದದ್ದು ನನಗೆ ದೊಡ್ಡ ನಷ್ಟವೆಂದು ತೋರಲಿಲ್ಲ.

ತಾಯಿ ಆ ಸೋಫಾದ ಅಂಚಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಹಿಂದಕ್ಕೆ ಸರಿದರೆ ಕಾಲು ನೆಲಕ್ಕೆ ಮುಟ್ಟದು. ಕಾಲು ಮುಟ್ಟಿಸಿದರೆ ಬೆನ್ನಿಗೆ ಆಸರೆಯಿಲ್ಲ. ನೆಲದ ಮೇಲೆ ಕುಳಿತರೆ ಏಳುವುದಕ್ಕೆ ಮಂಡಿ ಬಿಡದು. ಎಲೆಅಡಿಕೆಯ ಪೆಟ್ಟಿಗೆಯನ್ನಿಡಲು ಕೈಗೆಟುಕುವ ಜಾಗವಿಲ್ಲದೆ ತೊಡೆಯ ಮೇಲೆಯೇ ಇಟ್ಟುಕೊಂಡಿರುತ್ತಿದ್ದರು, ಬಸ್ಸಿನಲ್ಲಿ ಕುಳಿತವರು ಕೈಚೀಲವನ್ನು ಇಟ್ಟುಕೊಂಡಿರುವಂತೆ. ಇದನ್ನೆಲ್ಲ ನಾನು ದಿನವೂ ನೋಡುತ್ತಿದ್ದೆ, ಆದರೆ ಕಾಣುತ್ತಿರಲಿಲ್ಲ. ಎಂಟು ತಿಂಗಳು ಹೀಗೆ ಕಳೆಯಿತು. ಒಂದು ಸಂಜೆ ನೆರೆಯಾಕೆ ಬಂದು ಮಾತಿಗೆ ಮಾತು ಬಂದು "ಇನ್ನೂ ಎಷ್ಟು ದಿನ ಇರ್ತೀರಿ, ಅಮ್ಮ?" ಎಂದು ಕೇಳಿದರು. "ಗೊತ್ತಿಲ್ಲ ಕಣಮ್ಮ, ಮಗ ಕಳಿಸಿಕೊಟ್ಟಾಗ ಹೊರಡೋದು" ಎಂದರು ನಮ್ಮ ತಾಯಿ. ಒಳಕೋಣೆಯಲ್ಲಿದ್ದ ನನ್ನ ಕಿವಿಗೆ ಆ ಮಾತು ಬಿತ್ತು. ಹೊರಟು ಹೋಗುವುದಕ್ಕೆ ಆಕೆಗೆ ಬೇರೆ ಮನೆಯೇ ಇರಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಯಾರಾದರೂ ಆಕೆಯ ಮನಸ್ಸನ್ನು ನೋಯಿಸಿದರೋ ಎಂದು ಯೋಚಿಸಿದೆ. ನನ್ನ ಹೆಂಡತಿ ಮಾತ್ರ ನನಗಿಂತ ಬೇಗ ತಿಳಿದುಕೊಂಡಳು. "ಅತ್ತೆಗೆ ಈ ಮನೆಯಲ್ಲಿ ಕೂರೋ ಜಾಗ ಎಲ್ಲಿದೆ, ಹೇಳಿ ನೋಡೋಣ" ಎಂದಳು. ಮೂರು ಸೋಫಾಗಳಿದ್ದ ಮನೆಯಲ್ಲಿ ನನಗೆ ಉತ್ತರ ಹೊಳೆಯಲಿಲ್ಲ.

ಮರುದಿನ ಅಳತೆಪಟ್ಟಿಯನ್ನು ಹಿಡಿದು ಕುಳಿತೆ. ಸಾಮಾನ್ಯವಾದ ಕುರ್ಚಿಯ ಆಸನ ನೆಲದಿಂದ 17 ಅಥವಾ 18 ಅಂಗುಲ ಎತ್ತರವಿರುತ್ತದೆ. ನಮ್ಮ ತಾಯಿಯ ಮಂಡಿಯ ಹಿಂಬದಿಯಿಂದ ಅಂಗಾಲಿಗೆ ಇದ್ದದ್ದು 15 ಅಂಗುಲ ಮಾತ್ರ. ಸೋಫಾದ ಆಸನ ಮುಂದಿನಿಂದ ಹಿಂದಕ್ಕೆ ಪೂರಾ ಎರಡು ಅಡಿ. ಆಕೆಯ ತೊಡೆಗೆ ಸಾಕಾಗುತ್ತಿದ್ದದ್ದು ಒಂದೂವರೆ ಅಡಿಗಿಂತಲೂ ಕಡಮೆ. ಬಟ್ಟೆ ಹೊಲಿಸುವಾಗ ದರ್ಜಿಯ ಮುಂದೆ ಕೈಚಾಚಿ ನಿಂತು ಅಳತೆ ಕೊಡುತ್ತೇವೆ. ಪಾದರಕ್ಷೆಯನ್ನು ಹಾಕಿ ನೋಡದೆ ಕೊಳ್ಳುವುದಿಲ್ಲ. ದಿನಕ್ಕೆ ಏಳೆಂಟು ಗಂಟೆ ನಮ್ಮ ದೇಹವನ್ನು ಹೊರತಕ್ಕ ಕುರ್ಚಿಯನ್ನು ಮಾತ್ರ ಅಂಗಡಿಯ ಕನ್ನಡಿಯ ಆಚೆಯಿಂದ ನೋಡಿ ಬೆಲೆ ಮಾತನಾಡುತ್ತೇವೆ. ಕೊಳ್ಳುವವರಿಗೆ ನಾನು ಹೇಳತಕ್ಕದ್ದು ಇಷ್ಟೆ: ಯಾರು ಕುಳಿತುಕೊಳ್ಳುವರೋ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಹತ್ತು ನಿಮಿಷ ಕೂಡಿಸಿ. ಅಂಗಾಲು ನೆಲಕ್ಕೆ ಪೂರ್ತಿಯಾಗಿ ಊರಬೇಕು, ಬೆನ್ನು ಹಿಂದಕ್ಕೆ ತಾಗಬೇಕು, ಏಳುವಾಗ ಕೈಯೂರಲು ಗಟ್ಟಿಯಾದ ಆಸರೆ ಇರಬೇಕು. ಅಂಗಡಿಯವನು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಜಾಗಗಳನ್ನು ಗೊತ್ತುಮಾಡುವುದಕ್ಕೆ ಒಂದು ಉಪಾಯವುಂಟು. ಒಂದಡಿಗೆ ಅರ್ಧ ಅಂಗುಲದಂತೆ ಕೋಣೆಯ ನಕ್ಷೆಯನ್ನು ಕಾಗದದ ಮೇಲೆ ಬರೆದು, ಅದೇ ಪ್ರಮಾಣದಲ್ಲಿ ಪ್ರತಿಯೊಂದು ಸಾಮಾನಿಗೂ ಒಂದೊಂದು ರಟ್ಟಿನ ಚೂರನ್ನು ಕತ್ತರಿಸಿ, ಅವನ್ನು ಸರಿಸಿ ಸರಿಸಿ ನೋಡುವುದು. ಬೀರುವನ್ನು ಹತ್ತು ಸಲ ಎತ್ತಿಡುವ ಕಷ್ಟ ತಪ್ಪುತ್ತದೆ. ನಾನು ಹೀಗೆ ಮಾಡುತ್ತಿರುವಾಗ ಏಳು ವರ್ಷದ ನನ್ನ ಮಗಳು ಕತ್ತರಿಯನ್ನು ಕಿತ್ತುಕೊಂಡಳು. ನಾನು ಕತ್ತರಿಸಿದ್ದು ಸೋಫಾ, ಬೀರು, ಮೇಜು. ಅವಳು ಕತ್ತರಿಸಿದ್ದು ಅಜ್ಜಿ, ಅಪ್ಪ, ಅಮ್ಮ, ತಾನು, ತನ್ನ ಬೆಕ್ಕು. ಅವನ್ನು ನಕ್ಷೆಯ ಮೇಲೆ ಇಟ್ಟೂಬಿಟ್ಟಳು. ಅಜ್ಜಿಯನ್ನು ಕಿಟಕಿಯ ಹತ್ತಿರ, ಬಾಗಿಲಿನಿಂದ ಬರುವವರೂ ಅಡುಗೆಯ ಮನೆಯಲ್ಲಿರುವವರೂ ಕಾಣುವಂತೆ ಇಟ್ಟಳು. ಸರಿಯಾಗಿ ಆ ಜಾಗದಲ್ಲಿ ನನ್ನ ಬೀಟೆಯ ಬೀರು ಇತ್ತು.

ಬೀರುವನ್ನು ತೆಗೆದೆವು. ಕಿಟಕಿಯಿಂದ ಬೆಳಗಿನ ಬಿಸಿಲು ಮೊದಲ ಬಾರಿಗೆ ನೆಲದ ಮೇಲೆ ಬಿತ್ತು. ಆ ಬೀರು ಈಗಲೂ ಒಳಕೋಣೆಯಲ್ಲಿದೆ, ಪುಸ್ತಕಗಳನ್ನು ಕಾಯುತ್ತದೆ. ಇಲ್ಲಿ ಒಂದು ಮಾತು. ಚೆಲುವಾದ ಮರದ ಕೆಲಸವನ್ನು ನಾನು ಹಳಿಯುತ್ತಿಲ್ಲ. ಮೈಸೂರಿನ ಕುಶಲಿಗಳು ಬೀಟೆಯಲ್ಲಿ ಕೂಡಿಸುವ ಕೆತ್ತನೆಯ ಕೆಲಸಕ್ಕೆ ಸಮನಾದದ್ದು ಅಪೂರ್ವ. 1897ರ ಬೆಂಕಿಯ ಅನಂತರ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆಯ ಅಂಬಾವಿಲಾಸಕ್ಕೆ ಹೋಗುವ ಬಾಗಿಲನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಕರಿಯ ಬೀಟೆಯಲ್ಲಿ ಬಿಳಿಯ ದಂತ ಮಾತನಾಡುವಂತೆ ಕೂತಿದೆ. ದಂತದ ವ್ಯಾಪಾರ ಈಗ ಕಾನೂನಿಗೆ ವಿರುದ್ಧವಾದದ್ದರಿಂದ ಬೇರೆ ಬೇರೆ ಬಣ್ಣದ ಮರದ ಚೂರುಗಳಿಂದಲೇ ಆ ಚಿತ್ರಗಳನ್ನು ಕೂಡಿಸುತ್ತಾರೆ. ಅಂಥ ಒಂದು ಪೀಠವೋ ಪೆಟ್ಟಿಗೆಯೋ ಮನೆಯಲ್ಲಿದ್ದರೆ ಕಣ್ಣಿಗೆ ಹಬ್ಬ. ಆದರೆ ಅದು ಬೆಳಕಿಗೂ ಮನುಷ್ಯರಿಗೂ ಅಡ್ಡ ನಿಲ್ಲಬಾರದು.

ಇನ್ನು ಆಸನ. ಹೊಸದನ್ನು ಮಾಡಿಸುವುದಕ್ಕೆ ಕೈಯಲ್ಲಿ ಹಣವಿರಲಿಲ್ಲ. ಸೋಫಾದ ಸಾಲವೇ ತೀರಿರಲಿಲ್ಲ. ಹಲಸಿನ ಬೆಂಚು ನೆನಪಾಯಿತು. ಊರಿಗೆ ಹೋಗಿ ವಿಚಾರಿಸಿದರೆ ಅದು ಪಕ್ಕದ ಮನೆಯವರ ಕೊಟ್ಟಿಗೆಯಲ್ಲಿತ್ತು. ಅದರ ಮೇಲೆ ಹಿಂಡಿಯ ಚೀಲಗಳನ್ನು ಒಟ್ಟಿದ್ದರು. ಅವರು ಹಣ ತೆಗೆದುಕೊಳ್ಳಲಿಲ್ಲ; "ಅಮ್ಮನಿಗಾದರೆ ಒಯ್ಯಿ" ಎಂದರು. ತೇವದಲ್ಲಿ ನಿಂತು ನಿಂತು ನಾಲ್ಕು ಕಾಲುಗಳ ತುದಿಯೂ ಕೊಳೆತುಹೋಗಿತ್ತು. ಬೆಂಗಳೂರಿನ ಬಡಗಿ ನೋಡಿ, ಕೊಳೆತದ್ದನ್ನು ಕತ್ತರಿಸಿ ಹಾಕಬೇಕಾಗುತ್ತದೆ, ಮೂರಂಗುಲ ಗಿಡ್ಡವಾಗುತ್ತದೆ, ಅಡ್ಡಿಯಿಲ್ಲವೇ ಎಂದು ಸಂಕೋಚದಿಂದ ಕೇಳಿದ. ಬೆಂಚು 18 ಅಂಗುಲ ಎತ್ತರವಿತ್ತು!

ಹಲಸಿನ ಮರದ ಗುಣವನ್ನು ಆಗ ಕಂಡೆ. ಕತ್ತರಿಸಿದ ತುದಿಯಲ್ಲಿ ಒಳಮೈ ಅರಿಸಿನದಂತೆ ಹಳದಿಯಾಗಿತ್ತು. ಮೇಲಿನ ಹಲಗೆ ಕಾಲಕಳೆದಂತೆ ಮಾಗಿ ಕೆಂಪುಗಂದು ಬಣ್ಣಕ್ಕೆ ತಿರುಗಿತ್ತು. ವೀಣೆಯ ಕೊಡವನ್ನು ಕಡೆಯುವುದಕ್ಕೆ ಆರಿಸುವ ಮರವೂ ಇದೇ. ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಗೆದ್ದಲು ಅದರ ಹತ್ತಿರ ಸುಲಭವಾಗಿ ಸುಳಿಯದು. ಬೀಟೆ ಭಾರ, ಹೊಳಪು ಹೆಚ್ಚು. ಈಚೆಗೆ ಬಂದಿರುವ, ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಗಳು ಅಗ್ಗವೇನೋ ನಿಜ. ಆದರೆ ನೀರು ತಗುಲಿದರೆ ಉಬ್ಬುತ್ತವೆ. ಬಿಚ್ಚಿ ಎರಡನೆಯ ಸಲ ಜೋಡಿಸಿದರೆ ತಿರುಪು ಹಿಡಿಯದು. ಕಾಲು ಕೊಳೆತರೆ ಕತ್ತರಿಸಿ ಮತ್ತೆ ಬಾಳಿಸುವಂಥ ಮರ ಅದಲ್ಲ. ಹೊಸದಾಗಿ ಸಂಸಾರ ಹೂಡುವವರು ಐದು ಸಾಮಾನಿನ ಬದಲು ಎರಡನ್ನು ಕೊಂಡು, ಆ ಎರಡನ್ನು ಗಟ್ಟಿಯಾದ ಮರದಲ್ಲಿ ಮಾಡಿಸುವುದು ಮೇಲೆಂದು ನನಗೆ ತೋರುತ್ತದೆ. ಉಳಿದದ್ದಕ್ಕೆ ಚಾಪೆಯುಂಟು, ಜಮಖಾನವುಂಟು. ನವಲಗುಂದದ ಹೆಂಗಸರು ನೇಯುವ ಜಮಖಾನದಲ್ಲಿ ಪಗಡೆಯ ಹಾಸಿನ ಚಿತ್ತಾರವನ್ನೂ ನವಿಲನ್ನೂ ನೋಡಿ ಸಂತೋಷಪಡದ ಮನೆಯಾವುದು?

ಬೆಂಚನ್ನು ಕಿಟಕಿಯ ಬಳಿ ಗೋಡೆಗೆ ಸೇರಿಸಿ ಹಾಕಿದೆವು. ನಮ್ಮ ತಾಯಿಯ ಹಳೆಯ ಸೀರೆಗಳನ್ನು ಪದರ ಪದರವಾಗಿಟ್ಟು ಹುಬ್ಬಳ್ಳಿಯ ಕಡೆಯ ಒಬ್ಬಾಕೆಯಿಂದ ಕೌದಿ ಹೊಲಿಸಿ ಹಾಸಿದಳು ನನ್ನ ಹೆಂಡತಿ. ಮಗ್ಗುಲಿಗೆ ಒಂದು ಕಾಲುಮಣೆ, ಎಲೆಅಡಿಕೆಯ ಪೆಟ್ಟಿಗೆಗೆ. ತಾಯಿ ಏನೂ ಹೇಳಲಿಲ್ಲ. ಕೌದಿಯ ಮೇಲೆ ಕೈಯಾಡಿಸಿ "ಇದು ನಾಮಕರಣದ್ದು" ಎಂದರು, ಒಂದು ಚೂರನ್ನು ತೋರಿಸಿ. ಆಮೇಲೆ ಹಿಂದಕ್ಕೆ ಸರಿದು ಗೋಡೆಗೆ ಬೆನ್ನುಕೊಟ್ಟು ಕುಳಿತರು. ಆರು ತಿಂಗಳು ಕಳೆಯುವುದರೊಳಗೆ ಆ ಗೋಡೆಯ ಬಣ್ಣದ ಮೇಲೆ ತಲೆಯ ಎಣ್ಣೆಯ ಗುರುತು ಬಿತ್ತು. ಮನೆಗೆ ಬಣ್ಣ ಹೊಡೆಸುವಾಗ ಅದನ್ನು ಅಳಿಸಿದೆವು, ಮತ್ತೆ ಬಿತ್ತು. ಅದೇ ಜಾಗದಿಂದ ಆಕೆ ತರಕಾರಿಯವನನ್ನು ಮೂರು ಅಂತಸ್ತಿನ ಮೇಲಿಂದ ಕೂಗಿ ಬೆಲೆ ಇಳಿಸುತ್ತಿದ್ದರು, ಮಗಳಿಗೆ ಮಗ್ಗಿ ಒಪ್ಪಿಸುತ್ತಿದ್ದರು, ನನ್ನ ಸ್ನೇಹಿತರು ಬಂದರೆ "ಕೂತ್ಕೊಳ್ಳಿ, ಕಾಫಿ ತರಿಸ್ತೀನಿ" ಎನ್ನುತ್ತಿದ್ದರು. ಆ ಮಾತನ್ನು ಮೊದಲ ಸಲ ಕೇಳಿದ ದಿನ ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. 'ಎಷ್ಟು ದಿನ ಇರ್ತೀರಿ' ಎಂದು ಆಮೇಲೆ ಯಾರೂ ಆಕೆಯನ್ನು ಕೇಳಲಿಲ್ಲ.

ಸೋಫಾಗಳಲ್ಲಿ ಎರಡನ್ನು ಮಾರಿದೆವು. ಉಳಿದ ಒಂದನ್ನು ಗೋಡೆಯಿಂದ ಬಿಡಿಸಿ ಬೆಂಚಿಗೆ ಎದುರಾಗಿ ತಿರುಗಿಸಿದೆವು. ಕುಳಿತವರಿಬ್ಬರು ಕೂಗದೆ ಮಾತನಾಡಬೇಕಾದರೆ ನಡುವೆ ಏಳೆಂಟು ಅಡಿಗಿಂತ ಹೆಚ್ಚು ಅಂತರವಿರಬಾರದು. ಓಡಾಡುವ ದಾರಿಗೆ ಎರಡೂವರೆ ಅಡಿ ಬಿಟ್ಟೆವು. ನನ್ನ ಬರೆಯುವ ಮೇಜನ್ನು ಬೆಳಕು ಎಡಗಡೆಯಿಂದ ಬೀಳುವಂತೆ ಸರಿಸಿದೆವು, ಬರೆಯುವ ಕೈಯ ನೆರಳು ಕಾಗದದ ಮೇಲೆ ಬೀಳದಂತೆ. ಇವೆಲ್ಲ ಚಿಕ್ಕ ಸಂಗತಿಗಳು. ಒಂದು ಭಾನುವಾರದ ಕೆಲಸ.

ತಾಯಿ 2001ರಲ್ಲಿ ತೀರಿಕೊಂಡರು. ಮಗಳು ಈಗ ದೊಡ್ಡವಳು. ಈಚೆಗೆ ಅವಳು ತನ್ನದೇ ಆದ ಮನೆಯನ್ನು ಮಾಡಿಕೊಂಡಾಗ, ಬೀಟೆಯ ಬೀರುವನ್ನು ತೆಗೆದುಕೊಂಡು ಹೋಗು, ಅದರ ಬೆಲೆ ಇಂದು ಬಹಳ ಎಂದೆ. ಅವಳು "ಬೀರು ಬೇಡಪ್ಪ, ಅಜ್ಜಿಯ ಬೆಂಚು ಕೊಡಿ" ಎಂದಳು. ನ್ಯಾಯವಾದ ಕೋರಿಕೆಯೇ. ಆದರೆ ಕೆಲವು ವರ್ಷಗಳಿಂದ ಮಧ್ಯಾಹ್ನದ ಹೊತ್ತು ಪತ್ರಿಕೆಯನ್ನು ಹಿಡಿದುಕೊಂಡು ನಾನೇ ಅಲ್ಲಿ ಕುಳಿತುಕೊಳ್ಳುತ್ತಿದ್ದೇನೆ. ನನ್ನ ಮಂಡಿಗೂ ಈಗ ಆ 15 ಅಂಗುಲವೇ ಸರಿಹೋಗುತ್ತದೆ. ಅವಳಿಗೆ ಇನ್ನೂ ಉತ್ತರ ಹೇಳಿಲ್ಲ.